ಕಿವಿಯಣ್ಣನ ಬಯೋಡಾಟಾ

ರೇಡಿಯೊ ಕೇಂದ್ರದಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವನೇ ಒಂದು ಗಳಿಗೆ ತಡೆದು ತಿರುಗುತ್ತಿದ್ದ. ಅಡ್ಡಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಸ್ಟುಡಿಯೊದಲ್ಲಿ ಯಾರದೋ ಭಾಷಣ ನಡೆಯುತ್ತಿದ್ದಾಗ ಹಿಂದೆ ಏನೋ ಗುಂಯ್ ಎನ್ನುತ್ತಿದೆ ಎಂದು ಇವನು ಹಟ ಹಿಡಿದ. ಬೇರೆ ಯಾರಿಗೂ ಕೇಳಿಸಲಿಲ್ಲ. ಹುಡುಕಿಕೊಂಡು ಹೋದರೆ ಗೋಡೆಯಾಚೆ ಕ್ಯಾಂಟೀನಿನ ಫ್ರಿಜ್ಜು. ಅದರ ಪ್ಲಗ್ ಕಿತ್ತು ಬೇರೆ ಕಡೆ ಹಾಕಿಸಿದ ಮೇಲೆ ಉಳಿದವರೂ ‘ಹೌದಲ್ಲ, ಏನೋ ಇತ್ತು’ ಎಂದರು. ಕ್ಯಾಂಟೀನಿನವನು ಮಾತ್ರ ಬಹಳ ದಿನ ಮುಖ ಊದಿಸಿಕೊಂಡಿದ್ದ.

ಅವನದು ಧ್ವನಿ ತಂತ್ರಜ್ಞನ ಕೆಲಸ. ಗಾಜಿನ ಆಚೆ ಮಾತಾಡುವವರು ಕೂರುತ್ತಿದ್ದರು, ಈಚೆ ಇವನು. ಮುಂದೆ ಸಾಲು ಸಾಲು ಗುಂಡಿಗಳು, ಮೇಲೆ ಕೆಳಗೆ ಜಾರಿಸುವ ಪಟ್ಟಿಗಳು, ನಡುಗುವ ಮುಳ್ಳಿನ ಮೀಟರುಗಳು. ಒಬ್ಬರ ದನಿ ಎತ್ತರಿಸಬೇಕು, ಇನ್ನೊಬ್ಬರದು ತಗ್ಗಿಸಬೇಕು, ಮಾತಾಡುವವನ ಗಂಟಲು ಕೆರೆಯುವುದು ಕಂಡರೆ ಕೆಮ್ಮುವ ಮೊದಲೇ ಮೈಕು ಮುಚ್ಚಬೇಕು. ಚೆನ್ನಾಗಿ ಮಾಡಿದರೆ ಯಾರ ಗಮನಕ್ಕೂ ಬರುವುದಿಲ್ಲ, ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ಮದುವೆಯಾದ ವರ್ಷ ಸೇರಿದವನು, ಮಗಳು ಓದು ಮುಗಿಸಿ ದೂರದ ಆಸ್ಪತ್ರೆಯಲ್ಲಿ ನರ್ಸ್ ಆಗುವವರೆಗೂ ಅದೇ ಜಾಗದಲ್ಲಿ ಕೂತ.

ಆಮೇಲೆ ಕೇಂದ್ರವನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಕಾರ್ಯಕ್ರಮಗಳೆಲ್ಲ ಇನ್ನೊಂದು ಊರಿನಲ್ಲಿ ತಯಾರಾಗಿ ಬರತೊಡಗಿದವು. ಸ್ಟುಡಿಯೊಗೆ ಬೀಗ ಬಿತ್ತು. ತಂತ್ರಜ್ಞರನ್ನು ಮೀಟಿಂಗ್ ಕೋಣೆಗೆ ಕರೆದು, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ‘ನಿಮ್ಮ ಸೇವೆಯನ್ನು ಎಂದೂ ಮರೆಯುವುದಿಲ್ಲ’ ಎಂದರು. ಹಾಗೆಂದವನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಿವಿಯಣ್ಣ ಒಂದು ಬಿಸ್ಕತ್ತು ತಿಂದು ಎದ್ದು ಬಂದ. ಆಗ ಅವನಿಗೆ ಐವತ್ತು ದಾಟಿತ್ತು.

ಕೆಲಸ ಹೋದದ್ದು ಎಲ್ಲರಿಗೂ ಗೊತ್ತಿತ್ತು. ಕಿವಿ ಹೋಗುತ್ತಿದ್ದದ್ದು ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತಿತ್ತು.

ಅವಳಿಗೆ ಅದು ತಿಳಿದದ್ದು ಅಡುಗೆಮನೆಯಲ್ಲಿ. ಅವನು ಲೋಟಕ್ಕೆ ಟೀ ಬಗ್ಗಿಸುತ್ತಿದ್ದ. ಅವಳು ‘ಸಾಕು’ ಎಂದಳು. ಅವನು ಇನ್ನಷ್ಟು ಬಗ್ಗಿಸಿದ. ‘ಸಾಕು, ಸಾಕು’ ಎಂದಳು. ಲೋಟ ತುಂಬಿ, ತಟ್ಟೆ ತುಂಬಿ, ಕಟ್ಟೆಯ ಮೇಲೆಲ್ಲ ಹರಿಯಿತು.

“ಸಾಕು ಅಂದ್ರೆ ಕೇಳ್ಸಲ್ವೇನ್ರೀ?”

“ಹಾಕು ಹಾಕು ಅಂದೆಯಲ್ಲೇ!”

ಇಬ್ಬರೂ ನಕ್ಕರು. ಆದರೆ ಮಾರನೇ ವಾರ ಸೊಪ್ಪು ತನ್ನಿ ಎಂದರೆ ಉಪ್ಪಿನ ಪೊಟ್ಟಣ ಹಿಡಿದು ಬಂದ. ಆಗ ಅವಳು ನಗಲಿಲ್ಲ. ಕೈ ಒರೆಸಿಕೊಂಡು ಬಂದು, ಅವನ ಬಲಗಡೆ ನಿಂತು ಮೆಲ್ಲಗೆ ಏನೋ ಹೇಳಿದಳು. ಎಡಗಡೆ ಬಂದು ಅದನ್ನೇ ಹೇಳಿದಳು. ಬಲಗಡೆ ನಿಂತಾಗ ಅವನು ಸುಮ್ಮನೆ ಉಪ್ಪಿನ ಪೊಟ್ಟಣವನ್ನೇ ನೋಡುತ್ತಿದ್ದ.

ಕಿವಿಯ ಡಾಕ್ಟರು ಕಾಗದದ ಮೇಲೆ ಇಳಿಜಾರಾದ ಗೆರೆಯೊಂದನ್ನು ತೋರಿಸಿದರು. ಬಲಗಿವಿಯಲ್ಲಿ ಮೇಲಿನ ಸ್ವರಗಳು ಹೋಗಿವೆ, ಎಡಗಿವಿಯೂ ಅದರ ಹಿಂದೆಯೇ ಹೊರಟಿದೆ ಎಂದರು. ಸ, ಶ, ಸಿಳ್ಳೆ, ಗೆಜ್ಜೆ, ಹಕ್ಕಿಯ ಕೂಗು, ಇಂಥವು ಮೊದಲು ಹೋಗುತ್ತವಂತೆ. ಇಷ್ಟು ವರ್ಷ ಅವನು ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿಕೊಂಡು, ಕೋಣೆಯೊಳಗಿನ ಮಾತಿಗಾಗಿ ಎಡಗಿವಿಯನ್ನು ಬಿಟ್ಟಿರುತ್ತಿದ್ದ. “ಹೋದದ್ದು ವಾಪಸ್ ಬರೋದಿಲ್ಲ. ಇರೋದನ್ನ ಜೋಪಾನ ಮಾಡಿ. ಯಂತ್ರ ಹಾಕಿಸ್ಕೊಳ್ಳಿ,” ಎಂದರು ಡಾಕ್ಟರು. ಅವನು ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಬೀದಿಗಿಳಿದ ಮೇಲೆ ಹೆಂಡತಿಗೆ ಒಂದೇ ಮಾತು ಹೇಳಿದ. “ಯಾರಿಗೂ ಹೇಳ್ಬೇಡ. ನಿನ್ನ ತಮ್ಮನಿಗಂತೂ ಬೇಡ.”

ಕೇಂದ್ರದ ಕೊನೆಯ ದಿನಗಳಲ್ಲಿ ಅವನು ಮೀಟರ್ ನೋಡಿ, ಮಾತಾಡುವವರ ಬಾಯಿ ನೋಡಿ, ಹಳೆಯ ಅಭ್ಯಾಸದ ಮೇಲೆ ಕೆಲಸ ಸಾಗಿಸಿದ್ದ. ಯಾರಿಗೂ ತಿಳಿಯಲಿಲ್ಲ. ದಿನ ಮುಗಿಯುವ ಹೊತ್ತಿಗೆ ಮೈಯೆಲ್ಲ ಕಲ್ಲು ಹೊತ್ತವನಂತೆ ಆಗುತ್ತಿತ್ತು. ಕೇಂದ್ರ ಮುಚ್ಚಿದಾಗ ಅವನಿಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಹೆಂಡತಿಯ ತಮ್ಮನದು ಕಂಪನಿಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಆಫೀಸಿನಲ್ಲಿ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಬಯೋಡಾಟಾ ಓದುವುದೇ ಅವನ ಪಾಡು. ಅಕ್ಕನ ಮನೆಗೆ ಬಂದರೂ ಔಷಧಿ ಚೀಟಿಯನ್ನೋ ಕರೆಂಟ್ ಬಿಲ್ಲನ್ನೋ ಎತ್ತಿಕೊಂಡು, ಏನಾದರೂ ತಪ್ಪು ಸಿಗುತ್ತದೆಯೇ ಎಂದು ಮೇಲಿಂದ ಕೆಳಗೆ ಕಣ್ಣಾಡಿಸುವ ಚಾಳಿ. ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಬಂದು, ಭಾವ ಬರೆದಿಟ್ಟಿದ್ದ ನಾಲ್ಕು ಪುಟದ ಬಯೋಡಾಟಾ ತಿದ್ದಲು ಊಟದ ಮೇಜಿನ ಮುಂದೆ ಕೂತ. ಮೇಜಿನ ಇನ್ನೊಂದು ತುದಿಯಲ್ಲಿ ಅಕ್ಕನ ಹೊಲಿಗೆ ಮಷೀನು. ಅವಳು ರೆಡಿಮೇಡ್ ಬಟ್ಟೆ ಅಂಗಡಿಯವರಿಗೆ ಗಿರಾಕಿಗಳ ಪ್ಯಾಂಟಿನ ಉದ್ದ ಕತ್ತರಿಸಿ ಮಡಿಸಿ ಹೊಲಿದುಕೊಡುತ್ತಿದ್ದಳು. ಸುತ್ತ ಪ್ಯಾಂಟುಗಳ ರಾಶಿ.

“ಏನಿದು ಭಾವ? ಎತ್ತರ, ತೂಕ, ರಕ್ತದ ಗುಂಪು! ಕೆಲಸ ಕೇಳ್ತಿದೀರೋ, ರಕ್ತ ಕೊಡೋಕೆ ಹೊರಟಿದೀರೋ?”

“ಇರಲಿ ಅಂತ ಎಲ್ಲಾ ಬರೆದೆ ಕಣಪ್ಪ.”

“ಹವ್ಯಾಸ, ನಡಿಗೆ. ನೀವು ನಡೆದದ್ದನ್ನ ನಾನಂತೂ ನೋಡಿಲ್ಲ.”

“ಬಸ್ ಸ್ಟಾಪಿಗೆ ನಡೀತೀನಲ್ಲ?”

“ಅದು ಓಟ,” ಎಂದಳು ಹೆಂಡತಿ ತಲೆಯೆತ್ತದೆ. “ಬಸ್ಸು ಹೊರಟ ಮೇಲೆ.”

ಭಾವಮೈದುನ ನಗುತ್ತ ಪುಟಗಳನ್ನು ಅಳಿಸುತ್ತ ಹೋದ. ತಂದೆಯ ಹೆಸರು ಹೋಯಿತು, ಶಾಲೆಯ ಅಂಕಗಳು ಹೋದವು. ಕಿವಿಯಣ್ಣ ಒಂದೂವರೆ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ ಯಂತ್ರಗಳ ಹೆಸರುಗಳಲ್ಲಿ ಮುಕ್ಕಾಲು ಹೋದವು. “ಇವೆಲ್ಲ ಗುಜರಿಯವನೂ ತಗೊಳ್ದೇ ಇರೋ ಮಷೀನು ಭಾವ, ಬೇಸರ ಮಾಡ್ಕೋಬೇಡಿ,” ಎಂದ. ಕಿವಿಯಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಒಂದೊಂದು ಹೆಸರು ಮಾಯವಾದಾಗಲೂ ಹೌದಪ್ಪ, ಹೌದು ಎನ್ನುತ್ತಿದ್ದ.

“ಈಗ ಸಾಧನೆ. ಏನು ಸಾಧಿಸಿದ್ರಿ ಹೇಳಿ.”

“ಪ್ರಸಾರ ನಿಲ್ಲಲಿಲ್ಲ.”

“ಅದು ಸಾಧನೆ ಅಲ್ಲ.”

“ಮತ್ತೆ?”

ಭಾವಮೈದುನ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನಿಗೂ ವಾರವಿಡೀ ಇದೇ ಆಗಿತ್ತು. “ಸರಿ, ಯಾವತ್ತಾದ್ರೂ ನಿಂತಿತ್ತಾ? ಆಗ ಏನು ಮಾಡಿದ್ರಿ? ಅದನ್ನ ಹೇಳಿ.”

ಕಿವಿಯಣ್ಣ ಯೋಚಿಸಿ ಆಟದ ಮೈದಾನದ ಕಥೆ ಹೇಳಿದ. ಪಂದ್ಯದ ವೀಕ್ಷಕ ವಿವರಣೆ ನೇರವಾಗಿ ಹೋಗುತ್ತಿದ್ದಾಗ ಅಂಗಳದಾಚೆ ಹುಲ್ಲು ಕತ್ತರಿಸುವ ಮಷೀನು ಕೇಬಲ್ ಮೇಲೆ ಹತ್ತಿ ಅದನ್ನು ತುಂಡು ಮಾಡಿತು. ಇವನು ಬಿಸಿಲಲ್ಲಿ ಮಂಡಿಯೂರಿ ಕೂತು, ತಂತಿಗಳನ್ನು ಹಲ್ಲಿನಿಂದ ಸುಲಿದು ಹೆಣೆದು, ಆಟಗಾರರ ಔಷಧಿ ಪೆಟ್ಟಿಗೆಯಿಂದ ಅಂಟುಪಟ್ಟಿ ಇಸಿದುಕೊಂಡು ಸುತ್ತಿದ. “ವಿವರಣೆ ಹೇಳೋನಿಗೆ ಏನೂ ಗೊತ್ತಾಗ್ಲೇ ಇಲ್ಲ. ಲೈನು ಸತ್ತಿದ್ದಾಗಲೂ ಒಬ್ನೇ ಕಿರುಚ್ಕೊಂಡು ಕೂತಿದ್ದ.”

ಭಾವಮೈದುನ ಟಪಟಪ ಟೈಪ್ ಮಾಡಿ ಪರದೆ ತಿರುಗಿಸಿದ. ‘ತುರ್ತು ಸನ್ನಿವೇಶದಲ್ಲಿ ನೇರ ಪ್ರಸಾರದ ಸಂಪರ್ಕವನ್ನು ಕ್ಷಿಪ್ರವಾಗಿ ಮರುಸ್ಥಾಪಿಸಿದ ಅನುಭವ.’

ಕಿವಿಯಣ್ಣ ಓದಿ, “ಇದು ನಾನಾ?” ಎಂದ.

“ನೀವೇ ಭಾವ. ಇಸ್ತ್ರಿ ಮಾಡಿಸಿದ ನೀವು.”

ಹೀಗೇ ಸಂಜೆಯಾಯಿತು. ನಾಲ್ಕು ಪುಟ ಒಂದಕ್ಕಿಳಿಯಿತು. ಕೊನೆಗೆ ಭಾವಮೈದುನ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದ ‘ಧ್ವನಿ ತಂತ್ರಜ್ಞ’ ಎಂಬುದರ ಕೆಳಗೆ, ಒಂದು ಸಾಲು ಸೇರಿಸಿ ಗಟ್ಟಿಯಾಗಿ ಓದಿದ. “ಅತಿ ಸೂಕ್ಷ್ಮ ದೋಷವನ್ನೂ ಗುರುತಿಸಬಲ್ಲ ಪಳಗಿದ ಕಿವಿ. ಹೇಗಿದೆ? ಕಿವಿಯಣ್ಣ ಅಂತ ಸುಮ್ನೆ ಕರೀತಿದ್ರಾ!”

ಹೊಲಿಗೆ ಮಷೀನು ನಿಂತಿತು. ಹೆಂಡತಿ ಗಂಡನ ಮುಖ ನೋಡಿದಳು. ಅವನು ಪರದೆಯನ್ನೇ ನೋಡುತ್ತಿದ್ದ.

“ಇರಲಿ,” ಎಂದ.

ಸ್ವಲ್ಪ ಹೊತ್ತಿನ ಮೇಲೆ ಮಷೀನು ಮತ್ತೆ ಹೊರಟಿತು.

ಆ ಒಂದು ಪುಟ ಹೋಗದ ಕಡೆಯಿಲ್ಲ. ಟೀವಿ ಚಾನೆಲ್ಲು, ರೇಡಿಯೊ, ಧ್ವನಿಮುದ್ರಣದ ಸ್ಟುಡಿಯೊ, ಕ್ರೀಡಾಂಗಣ. ಕೆಲವರು ಪುಟ ಕಳಿಸಿದ್ದು ಸಾಲದೆ, ಅದರಲ್ಲಿದ್ದದ್ದನ್ನೇ ತಮ್ಮ ವೆಬ್‌ಸೈಟಿನಲ್ಲಿ ಮತ್ತೆ ಒಂದೊಂದಾಗಿ ತುಂಬಿಸಿ ಎನ್ನುತ್ತಿದ್ದರು. ಕಿವಿಯಣ್ಣ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಬೆರಳಲ್ಲಿ ತುಂಬಿಸುತ್ತಿದ್ದ. ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಎಲ್ಲ ಅಳಿಸಿಹೋಗಿ ಮೊದಲ ಪುಟ ಬರುತ್ತಿತ್ತು. ಆಗ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂರುತ್ತಿದ್ದ.

ಫೋನ್ ಬಂದರೆ ಇನ್ನೂ ಕಷ್ಟ. ಎಡಗಿವಿಗೆ ಒತ್ತಿಹಿಡಿದು, ಬಲಗೈಯಿಂದ ಫ್ಯಾನ್ ಆರಿಸು ಎಂದು ಹೆಂಡತಿಗೆ ಸನ್ನೆ ಮಾಡುತ್ತಿದ್ದ. ಒಮ್ಮೆ ಯಾವುದೋ ಕಂಪನಿಯ ಹುಡುಗಿ ಪಟಪಟನೆ ಕೇಳಿದಳು. “ಸರ್, ನೀವು ಸ್ಟ್ರೀಮಿಂಗ್ ಮಾಡಿದೀರಾ?” ಅವಳು ಕೇಳಿದ್ದು ಇಂಟರ್ನೆಟ್ಟಿನಲ್ಲಿ ಪ್ರಸಾರ ಮಾಡುವ ಬಗ್ಗೆ, ಇವನಿಗೆ ಅದು ಟ್ರೈನಿಂಗ್ ಎಂದು ಕೇಳಿಸಿತು. “ಎಲ್ಲಾ ಆಗಿದೆಯಮ್ಮ, ಕೇಂದ್ರದವರೇ ಕೊಡಿಸಿದ್ರು. ಸರ್ಟಿಫಿಕೇಟೂ ಇದೆ,” ಎಂದ. ಆಮೇಲೆ “ಥ್ಯಾಂಕ್ಯೂ ಸರ್” ಎಂದು ಫೋನ್ ಇಟ್ಟಳು. ತಾನು ಕೇಳಿದ್ದೇನು, ಅವಳು ಅಂದದ್ದೇನು ಎಂದು ಹೊಳೆಯುವ ಹೊತ್ತಿಗೆ ಅವನು ತಟ್ಟೆಯ ಮುಂದೆ ಕೂತಿದ್ದ. ಕೈ ತೊಳೆದುಕೊಂಡು ಎದ್ದ.

ಕಡೆಗೊಂದು ಕರೆ ಬಂತು. ಸುದ್ದಿ ಚಾನೆಲ್ಲಿನವರು. ಸ್ಟುಡಿಯೊ ಧ್ವನಿಗೆ ಆಳು ಬೇಕು, ಬಂದು ಪರೀಕ್ಷೆ ಕೊಡಿ ಎಂದರು. ಭಾವಮೈದುನನಿಗೆ ಹಿಗ್ಗೋ ಹಿಗ್ಗು. “ಅವರು ನಮ್ಮ ಆಫೀಸಿನ ಗಿರಾಕಿ ಭಾವ. ನಾನೂ ಒಂದು ಮಾತು ಹಾಕಿದೀನಿ. ಕಣ್ಣು ಮುಚ್ಕೊಂಡು ತಗೊಳ್ಳಿ ಅಂದಿದೀನಿ.”

ಪರೀಕ್ಷೆ ಮಾಡಿದ ಎಂಜಿನಿಯರ್ ಅವನ ಮಗಳ ವಯಸ್ಸಿನವಳು. ದಪ್ಪ ಬಾಗಿಲಿನ ಸಣ್ಣ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಅವಳು ಬಾಗಿಲು ಎಳೆದುಕೊಂಡಾಗ ಕಿವಿಯಣ್ಣನಿಗೆ ತನ್ನ ಹಳೆಯ ಕೋಣೆಗೇ ಬಂದಂತಾಯಿತು. ಹೆಡ್‌ಫೋನ್ ಕೊಟ್ಟು ಹೇಳಿದಳು. “ಒಂದು ಸಂದರ್ಶನ ಹಾಕ್ತೀನಿ ಸರ್. ಬೇಕಂತಲೇ ಕೆಡಿಸಿ ಇಟ್ಟಿದೀವಿ. ಏನೇನು ಕೆಟ್ಟಿದೆ ಹೇಳಿ ಸಾಕು.”

ಕೇಳಿದ. ಮೊದಲು ಒಂದು ಮೈಕು ಬಾಯಿಗೆ ತೀರ ಹತ್ತಿರ, ಪಕಾರ ಬಂದಾಗೆಲ್ಲ ಊದಿದಂತಾಗುತ್ತದೆ. ಹೇಳಿದ. ಎರಡನೆಯವರ ದನಿ ಟೊಳ್ಳಾಗಿದೆ, ಎರಡು ಮೈಕುಗಳು ಒಂದನ್ನೊಂದು ತಿನ್ನುತ್ತಿವೆ. ಅದನ್ನೂ ಹೇಳಿದ. ನಡುವೆ ಎಲ್ಲೋ ಕರೆಂಟಿನ ಗುಂಯ್. ಅದನ್ನಂತೂ ನಿದ್ದೆಯಲ್ಲೂ ಹೇಳುತ್ತಿದ್ದ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತ ಗುರುತು ಹಾಕಿಕೊಂಡಳು. ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಇನ್ನೇನಾದ್ರೂ ಇದೆಯಾ ಸರ್?”

ಮತ್ತೆ ಕೇಳಿದ. ಏನೂ ಇಲ್ಲ. ಎಡಕ್ಕೆ ಒತ್ತಿ ಕೇಳಿದ. ಏನೂ ಇಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಏನೋ ಇದೆ, ಅದು ಅವಳಿಗೆ ಚೆನ್ನಾಗಿ ಕೇಳಿಸುತ್ತಿದೆ. ಏನಿರಬಹುದು ಎಂದು ಅವನಿಗೆ ಗೊತ್ತಿತ್ತು. ಉಳಿದದ್ದು ಸಣ್ಣ ಸಿಳ್ಳೆಯಂಥ ಸದ್ದೊಂದೇ. ಪರೀಕ್ಷೆಗೆ ಟೇಪು ಕೆಡಿಸುವವರು ಯಾರೇ ಆದರೂ ಅದನ್ನು ಹಾಕದೆ ಬಿಡುವುದಿಲ್ಲ. ಅವನೇ ಹೊಸಬರಿಗೆ ಹಾಕಿ ಕೊಟ್ಟಿದ್ದ. ‘ಮೇಲೆ ಒಂದು ಸಿಳ್ಳೆ ಇದೆ’ ಎಂದುಬಿಟ್ಟರೆ ಮುಗಿಯಿತು.

ಆದರೆ ನಾಳೆ? ನಾಡಿದ್ದು? ಮೀಟರಿನ ಮುಳ್ಳು ನೋಡುತ್ತ, ಬಾಯಿ ನೋಡುತ್ತ, ಊಹಿಸುತ್ತ, ಮತ್ತೆ ಆ ಕಲ್ಲು ಹೊತ್ತ ಮೈಯಲ್ಲಿ ಮನೆಗೆ ಬರಬೇಕು. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ಏನೋ ಇದೆ ಅಂತ ನಿಮ್ಮ ಮುಖ ಹೇಳ್ತಿದೆಯಮ್ಮ. ನನ್ನ ಕಿವಿ ಹೇಳ್ತಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಬಯೋಡಾಟಾ ತೆಗೆದು ಮೇಲಿನ ಸಾಲು ನೋಡಿದಳು, ಅವನನ್ನು ನೋಡಿದಳು.

“ಅದು ಮೊದಲು ನಿಜವಾಗಿತ್ತು,” ಎಂದ ಕಿವಿಯಣ್ಣ. “ಈಗ ಮೇಲಿನ ಸ್ವರ ಹೋಗಿವೆ.”

ಅವಳು ಕೆಟ್ಟವಳಲ್ಲ. ನೀರು ತರಿಸಿದಳು. ನನ್ನ ಕೈಯಲ್ಲಿ ಏನೂ ಇಲ್ಲ ಸರ್, ಬರೆದು ಕೊಡಲೇಬೇಕಲ್ಲ ಎಂದಳು. “ಬರೀರಮ್ಮ, ನಾನಾಗಿದ್ರೂ ಬರೀತಿದ್ದೆ,” ಎಂದು ಎದ್ದ. ಹೊರಗೆ ಬಸ್ ಸ್ಟಾಪಿನಲ್ಲಿ ಕೂತವನು ತನ್ನ ಬಸ್ಸು ಬಂದರೂ ಏಳಲಿಲ್ಲ. ಮುಂದಿನದು ಬಂದಾಗಲೂ ಏಳಲಿಲ್ಲ. ಅವಮಾನವೇನೂ ಆಗಿರಲಿಲ್ಲ. ಏಳಲು ಆಗುತ್ತಿರಲಿಲ್ಲ, ಅಷ್ಟೇ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಮುಖ ನೋಡಿ, “ಹೇಳ್ಬಿಟ್ರಾ?” ಎಂದಳು.

“ಹೇಳ್ಬಿಟ್ಟೆ ಕಣೇ.”

“ಒಳ್ಳೇದಾಯ್ತು ಬಿಡಿ. ಬನ್ನಿ, ಕೈಕಾಲು ತೊಳ್ಕೊಳ್ಳಿ.”

ಒಳ್ಳೆಯದಾಗದೆ ಹೋದದ್ದು ಭಾವಮೈದುನನಿಗೆ. ಚಾನೆಲ್ಲಿನವರು ಅವನ ಸಾಹೇಬರಿಗೆ ಫೋನ್ ಮಾಡಿ, ಎಂಥವರನ್ನು ಕಳಿಸುತ್ತೀರಿ, ನೋಡಿ ಕಳಿಸುವುದಿಲ್ಲವೇ ಎಂದಿದ್ದರು. ಮಾರನೇ ಸಂಜೆ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತ.

“ನನಗೊಂದು ಮಾತು ಹೇಳಬಾರದಿತ್ತಾ ಭಾವ? ಪಳಗಿದ ಕಿವಿ ಅಂತ ನನ್ನ ಕೈಯಾರೆ ಬರೆದೆನಲ್ಲ!”

ಆಮೇಲೆ ಅಕ್ಕನ ಕಡೆ ತಿರುಗಿದ.

“ಅಕ್ಕ, ನಿನಗೆ ಗೊತ್ತಿತ್ತು. ಅವತ್ತು ನಾನು ಅದನ್ನ ಓದಿದಾಗ ಮಷೀನ್ ನಿಲ್ಲಿಸಿದೆ. ದಾರ ತುಂಡಾಯ್ತೇನೋ ಅಂದ್ಕೊಂಡೆ ನಾನು.”

“ಹೇಳ್ಬೇಡ ಅಂದಿದ್ರು ಕಣೋ.”

“ಅಂದ್ರೆ ನಾನು ಹೊರಗಿನವನು.”

“ನೀನು ಮನೆಯವನು ಅಂತಲೇ ಹೇಳ್ಲಿಲ್ಲ,” ಎಂದ ಕಿವಿಯಣ್ಣ. “ಹೊರಗಿನವರ ಹತ್ರ ನಾಚಿಕೆ ಒಂದ್ಸಲ. ನಿನ್ನ ಹತ್ರ ದಿನಾ ಆಗ್ಬೇಕು.”

ಭಾವಮೈದುನ ಕಾಫಿಯನ್ನೂ ಕುಡಿಯದೆ ಹೊರಟುಹೋದ. ಆ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಕ್ಕ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎನ್ನುತ್ತಿದ್ದ. ಭಾನುವಾರ ಎಂಥ ಮೀಟಿಂಗೋ ಎಂದು ಅವಳು ಕೇಳಲಿಲ್ಲ. ಕಿವಿಯಣ್ಣ ಬೆಳಿಗ್ಗೆ ಪೇಪರ್ ಓದಿ, ಮಧ್ಯಾಹ್ನ ಮಲಗಿ, ಸಂಜೆ ಅಂಗಡಿಗೆ ಪ್ಯಾಂಟುಗಳ ಗಂಟು ಹೊತ್ತುಕೊಟ್ಟು ಬರುತ್ತಿದ್ದ. ಕಂಪ್ಯೂಟರಿನ ಮೇಲೆ ಒಂದು ಟವೆಲ್ ಬಿದ್ದಿತ್ತು. ಅದನ್ನು ಯಾರೂ ತೆಗೆಯಲಿಲ್ಲ.

ಕೊನೆಗೆ ಭಾವಮೈದುನ ತಾನಾಗಿಯೇ ಬಂದ. ಏನೂ ನಡೆಯದವನಂತೆ ಮೇಜಿನ ಮುಂದೆ ಕೂತು, ಲ್ಯಾಪ್‌ಟಾಪ್ ತೆರೆದು, ಹಳೆಯ ಪುಟವನ್ನು ಪಕ್ಕಕ್ಕೆ ಸರಿಸಿ, ಖಾಲಿ ಪುಟವೊಂದನ್ನು ತೆಗೆದ. “ಮೊದಲಿಂದ ಶುರು ಮಾಡೋಣ ಭಾವ. ಕಿವಿ ಬಿಟ್ಟು ಬೇರೆ ಏನು ಕೆಲಸ ಮಾಡಿದೀರಿ?”

“ಬೇರೆ ಏನಿದೆಯಪ್ಪ? ನಾನು ಧ್ವನಿಯವನು.”

“ಸುಳ್ಳು,” ಎಂದಳು ಹೆಂಡತಿ.

ಇಬ್ಬರೂ ತಿರುಗಿದರು. ಅವಳು ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟಳು.

“ಧ್ವನಿಯವನ ಪ್ಯಾಂಟು ಎಲ್ಲಿ ಸವೀಬೇಕು ಹೇಳಿ? ಕೂತ ಜಾಗದಲ್ಲಿ. ನಿಮ್ಮದು ಯಾವಾಗ್ಲೂ ಮೊಣಕಾಲಲ್ಲಿ ಹರೀತಿತ್ತು. ಎಷ್ಟು ತೇಪೆ ಹಾಕಿದೀನಿ ನಾನು! ಕುರ್ಚಿ ಮೇಲೆ ಕೂರೋರಿಗೆ ಮೊಣಕಾಲು ಯಾಕ್ರೀ ಹರಿಯತ್ತೆ?”

“ಮೇಜಿನ ಕೆಳಗೆ ನುಗ್ಗಿ ವೈರ್ ಎಳೀಬೇಕಿತ್ತಲ್ಲ. ಯಾರೂ ನುಗ್ತಿರಲಿಲ್ಲ.”

“ಬರ್ಕೋ,” ಎಂದಳು ತಮ್ಮನಿಗೆ. “ತೊಡೆ ಮೇಲೆ ಸಣ್ಣ ಸಣ್ಣ ಸುಟ್ಟ ತೂತು?”

“ಅದು ಬೆಸುಗೆ ಹಾಕುವಾಗ ಸಿಡಿಯೋದು.”

“ಮಳೆಗಾಲ ಬಂದ್ರೆ ಸಾಕು, ಡೀಸೆಲ್ ಕಲೆ. ಯಾವ ಸೋಪಿಗೂ ಹೋಗ್ತಿರಲಿಲ್ಲ.”

“ಕರೆಂಟ್ ಹೋದ್ರೆ ಜನರೇಟರು ಯಾರು ನೋಡ್ಬೇಕು? ಅದರವನು ಬಿಟ್ಟುಹೋದ ಮೇಲೆ ನಾನೇ ನೋಡ್ಕೋತಿದ್ದೆ.”

“ಕೇಂದ್ರದ ಆ ಗೋಪುರದ ಹತ್ರ ಟ್ರಾನ್ಸ್‌ಮಿಟರ್ ಕಾಯೋನಿಗೆ ಕಾಮಾಲೆ ಆದಾಗ ತಿಂಗಳುಗಟ್ಟಲೆ ಅಲ್ಲಿಗೆ ಹೋಗ್ತಿದ್ರಿ. ಪ್ಯಾಂಟಿನ ಅಂಚಿಗೆಲ್ಲ ಮುಳ್ಳು ಅಂಟಿಸ್ಕೊಂಡು ಬರ್ತಿದ್ರಿ. ಒಂದೊಂದೇ ಕಿತ್ತವಳು ನಾನು.”

ಭಾವಮೈದುನನ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು. ಕಿವಿಯಣ್ಣ ಹೆಂಡತಿಯನ್ನು ಯಾರೋ ಹೊಸಬರನ್ನು ನೋಡುವಂತೆ ನೋಡಿದ. ತಾನು ದಿನವೂ ಮಾಡಿದ ಆ ಕೆಲಸಗಳನ್ನು ಅವನೆಂದೂ ಕೆಲಸವೆಂದು ಎಣಿಸಿರಲಿಲ್ಲ. ಅವು ಧ್ವನಿಯ ಅಕ್ಕಪಕ್ಕದ ಕಿರಿಕಿರಿಗಳಾಗಿದ್ದವು.

ಎಲ್ಲ ಆದ ಮೇಲೆ ಭಾವಮೈದುನ ಕುರ್ಚಿ ಹಿಂದಕ್ಕೆ ಸರಿಸಿದ. ಮೇಲಿನ ದಪ್ಪ ಅಕ್ಷರಗಳನ್ನು ಮಾತ್ರ ಹಳೆಯ ಪುಟದಿಂದ ಹಾಗೇ ತಂದು ಕೂರಿಸಿದ್ದ. “ಭಾವ, ಇಲ್ಲಿ ಒಂದು ಪದ ಹೋಗ್ಬೇಕು. ಧ್ವನಿ ತಂತ್ರಜ್ಞ ಅಂತಿದ್ರೆ ಧ್ವನಿ ಕೆಲಸಕ್ಕೇ ಕರೀತಾರೆ. ಪ್ರಸಾರ ತಂತ್ರಜ್ಞ ಅಂತ ಮಾಡೋಣ. ನೀವೇ ತೆಗೀರಿ. ನನ್ನ ಕೈಯಿಂದ ಬೇಡ.”

ಕಿವಿಯಣ್ಣ ಕೂಡಲೇ ತೆಗೆಯಲಿಲ್ಲ. ಎದ್ದು ಬಾಲ್ಕನಿಗೆ ಹೋಗಿ, ಒಣಗಿದ ಬಟ್ಟೆಗಳನ್ನೆಲ್ಲ ತೆಗೆದು, ಎಂದೂ ಮಡಿಸದವನು ಮಡಿಸಿ ತಂದು ಮಂಚದ ಮೇಲಿಟ್ಟ. ಆಮೇಲೆ ಬಂದು ಕೂತು ಅಳಿಸುವ ಕೀಲಿ ಒತ್ತಿದ. ಬೆರಳು ಎತ್ತುವುದು ತಡವಾಯಿತು. ತಂತ್ರಜ್ಞ ಹೋದ, ಧ್ವನಿ ಹೋಯಿತು, ಮೇಲಿದ್ದ ಅವನ ಹೆಸರೂ ಅರ್ಧ ಹೋಯಿತು.

“ಅಯ್ಯೋ, ಪೂರ್ತಿ ಮಾಯವಾಗ್ಬಿಟ್ರಲ್ಲ ಭಾವ!” ಎಂದು ಭಾವಮೈದುನ ಕೈ ಹಿಡಿದುಕೊಂಡ. ಹೆಂಡತಿ ನಕ್ಕಳು. ಕಿವಿಯಣ್ಣನೂ ನಕ್ಕ, ಬಹಳ ದಿನದ ಮೇಲೆ. ನಗು ಮುಗಿದ ಮೇಲೆ ಕಣ್ಣು ಒರೆಸಿಕೊಂಡ. ಅವರಿಬ್ಬರೂ ಅದನ್ನು ನಗುವಿನ ನೀರೆಂದೇ ತಿಳಿದಂತೆ ನಟಿಸಿದರು.

ಕಿವಿಯ ವಿಷಯ ಕೆಳಗೆ ಬರೆಯಬೇಕೇ ಎಂದು ಸ್ವಲ್ಪ ಚರ್ಚೆಯಾಯಿತು. ಬರೆಯುವುದೇ ಸರಿ ಎಂದ ಕಿವಿಯಣ್ಣ. ಬರೆದರೆ ಯಾರೂ ಕರೆಯುವುದೇ ಇಲ್ಲ, ಹೋದಾಗ ಬಾಯಲ್ಲಿ ಹೇಳಿ ಎಂದ ಭಾವಮೈದುನ. ಆದರೆ ಮೊದಲು ಹೇಳಬೇಕು, ಆಮೇಲಲ್ಲ ಎಂದಳು ಹೆಂಡತಿ. ಹಾಗೇ ಆಯಿತು.

ಎರಡು ಕಡೆ ಮೊದಲೇ ಹೇಳಿದ, ಎರಡು ಕಡೆಯೂ ಮಾತು ಮುಗಿಯುವ ಮೊದಲೇ ಎದ್ದು ಬಂದ. ಮೂರನೆಯದು ಊರಾಚೆ, ಹಲವು ಚಾನೆಲ್ಲುಗಳಿಗೆ ಸೇರಿದ ಗೋಪುರ. ಅದರ ಬುಡದಲ್ಲಿ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಅಲ್ಲಿನ ಮೇಲ್ವಿಚಾರಕ ದೊಡ್ಡ ಆಳು, ಸಣ್ಣ ಮಾತಿನವನು. ಬಯೋಡಾಟಾವನ್ನು ಪೂರ್ತಿ ಓದಿ, ಜನರೇಟರ್ ಎಂಬಲ್ಲಿ ಬೆರಳಿಟ್ಟು ಯಾವುದು, ಎಷ್ಟು ದೊಡ್ಡದು ಎಂದು ಕೇಳಿದ. ಕಿವಿಯಣ್ಣ ಅದಕ್ಕೆ ಉತ್ತರಿಸುವ ಮೊದಲು ತನ್ನ ಕಿವಿಯ ವಿಷಯ ಹೇಳಿದ.

“ಬನ್ನಿ ಒಳಗೆ,” ಎಂದು ಆತ ಇನ್ನೊಂದು ಬಾಗಿಲು ತೆರೆದ. ದೊಡ್ಡ ದೊಡ್ಡ ಫ್ಯಾನುಗಳ ಮೊರೆತ ಮುಖಕ್ಕೆ ಬಡಿಯಿತು. ಕಬ್ಬಿಣದ ಕಪಾಟುಗಳ ಸಾಲು, ಅವುಗಳ ಮೇಲೆ ಹಸಿರು ದೀಪಗಳು. ಆತ ಏನೋ ಹೇಳಿದ. ಕಿವಿಯಣ್ಣನಿಗೆ ಕೇಳಿಸಲಿಲ್ಲ. ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ ಆತ ಹೇಳಿದ. “ಅಲ್ಲಿ ನನಗೂ ಏನೂ ಕೇಳ್ಸಲ್ಲ. ದೀಪ ನೋಡಿ ಕೆಲಸ ಮಾಡೋದು. ಆದ್ರೆ ಕಿವಿಗೆ ಮುಚ್ಚಳ ಹಾಕ್ಕೊಂಡೇ ಒಳಗೆ ಹೋಗ್ಬೇಕು. ಉಳಿದಿರೋದೂ ಹೋದ್ರೆ ನಿಮ್ಮ ಮನೆಯವರು ನನ್ನ ಬೈಬಾರ್ದು.”

ಕೆಲಸ ವರ್ಷದ ಕರಾರಿನದು. ಹಳೆಯ ಹುದ್ದೆಗಿಂತ ಕೆಳಗಿನದು. ಎರಡು ಬಸ್ಸು ಹಿಡಿಯಬೇಕು, ಪಾಳಿ ಬದಲಾಗುತ್ತಿರುತ್ತದೆ. ಒಪ್ಪಿಕೊಂಡ.

ಸಂತೋಷವಾಯಿತೇ ಎಂದರೆ ಹೇಳುವುದು ಕಷ್ಟ. ದೂರದಿಂದ ಹೊತ್ತು ತಂದ ಗಂಟನ್ನು ಇಳಿಸಿದ ಮೇಲೂ ತೋಳು ನೋಯುತ್ತಲೇ ಇರುತ್ತದಲ್ಲ, ಹಾಗಿತ್ತು. ಅಲ್ಲಿ ಯಾರದೂ ದನಿಯಿಲ್ಲ. ಒಬ್ಬರು ಹಾಡಲಿ, ಇನ್ನೊಬ್ಬರು ಸುದ್ದಿ ಓದಲಿ, ಅವನ ಪಾಲಿಗೆ ಎಲ್ಲವೂ ಕಪಾಟಿನ ಮೇಲಿನ ಒಂದು ಅಂಕಿ. ಅಂಕಿ ಇಳಿದರೆ ಹೋಗಿ ನೋಡಬೇಕು, ಇಳಿಯದಿದ್ದರೆ ಬರೆದಿಟ್ಟು ಬರಬೇಕು. ಮೊದಮೊದಲು ಈಗ ಏನು ಹೋಗುತ್ತಿದೆಯೋ ಎಂದು ಕುತೂಹಲವಾಗುತ್ತಿತ್ತು. ಆಮೇಲಾಮೇಲೆ ಅದೂ ಆಗಲಿಲ್ಲ. ಒಂದು ಸಲ ಮಾತ್ರ ಬಿಸಿಯಾದ ಫ್ಯಾನೊಂದನ್ನು ಕೈಯಿಟ್ಟು ನೋಡಿ, ಇದು ಇನ್ನು ಬಹಳ ದಿನ ತಡೆಯುವುದಿಲ್ಲ ಎಂದು ಮೇಲ್ವಿಚಾರಕನಿಗೆ ಹೇಳಿದ. ಆತ ಬದಲಾಯಿಸಿದ. ಇಬ್ಬರೂ ಆ ಬಗ್ಗೆ ಮತ್ತೆ ಮಾತಾಡಲಿಲ್ಲ.

ಮಗಳು ರಜೆಗೆ ಬಂದಾಗ ಹಟ ಹಿಡಿದು ಕಿವಿಗೆ ಯಂತ್ರ ಹಾಕಿಸಿದಳು. ಪೇಪರ್ ತಿರುವಿದರೆ ತಗಡು ಹರಿದ ಹಾಗೆ ಕೇಳಿಸುತ್ತದೆ ಎಂದು ದೂರಿದ. ತೆಗೆದಿಡುತ್ತಿದ್ದ, ಬೈಸಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದ.

ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯಿತು ಎಂದು ತಿಳಿದ ವಾರ ಭಾವಮೈದುನ ಬಂದ. ಕಿವಿಯಣ್ಣ ಆಗಷ್ಟೇ ಪಾಳಿ ಮುಗಿಸಿ ಬಂದು ಕುರ್ಚಿಯಲ್ಲಿ ಒರಗಿದ್ದ.

“ಭಾವ, ಈ ಹೊಸ ಅನುಭವಾನೂ ಸೇರಿಸಿ ಬಯೋಡಾಟಾ ಸರಿ ಮಾಡಿಡೋಣ. ಇದಕ್ಕಿಂತ ಒಳ್ಳೇದು ಸಿಗಬಹುದು. ಹೇಳಿ, ಅಲ್ಲಿ ದಿನಾ ಏನೇನು ಮಾಡ್ತೀರಿ?”

“ಮಾಡೋಣಪ್ಪ,” ಎಂದ ಕಿವಿಯಣ್ಣ. “ದೀಪ ನೋಡ್ತೀನಿ. ಆಮೇಲೆ...”

ಭಾವಮೈದುನ ಕೀಲಿಗಳ ಮೇಲೆ ಬೆರಳಿಟ್ಟು ಕಾದ. ಆಮೇಲಿನದು ಬರಲಿಲ್ಲ. ತಲೆಯೆತ್ತಿ ನೋಡಿದರೆ ಭಾವ ಬಾಯಿ ಅರೆತೆರೆದು ನಿದ್ದೆ ಹೋಗಿದ್ದ.

“ಅಕ್ಕ,” ಎಂದ ಅವನು.

“ಬಿಡೋ. ಇನ್ನೊಂದಿನ ಬರೆದ್ರಾಯ್ತು,” ಎಂದು ಅವಳು ನೆಲದ ಮೇಲೆ ಕೂತು ಗಂಡನ ಬೂಟಿನ ಲೇಸು ಬಿಚ್ಚತೊಡಗಿದಳು.